ಪೀರಮ್ಮನ ದಮ್ಮು, ದೇವಿಕಾ ಸಿಸ್ಟರ್ ಕೇಳಿದ ಪ್ರಶ್ನೆ

ಪೀರಮ್ಮನಿಗೆ ದಮ್ಮು ಹತ್ತಿದರೆ ಮೊದಲು ನಿಲ್ಲುತ್ತಿದ್ದದ್ದು ಅವಳ ಮಾತು. ಉಳಿದ ಹೊತ್ತಿನಲ್ಲಿ ಅವಳ ಮಾತು ನಿಂತಿತೆಂದರೆ ಊರಿಗೆ ಊರೇ ಸೋಜಿಗಪಡಬೇಕು. ಚಿತ್ತಾಪುರಕ್ಕೂ ವಾಡಿಗೂ ನಡುವಿನ ಆ ಊರಿನಲ್ಲಿ ಯಾರ ಮನೆಗೆ ಬೀಗರು ಬಂದರು, ಯಾರ ಎಮ್ಮೆ ಕರು ಹಾಕಿತು, ಬಸ್ಸು ಯಾಕೆ ತಡವಾಯಿತು ಎಂಬುದೆಲ್ಲ ಮೊದಲು ಗೊತ್ತಾಗುತ್ತಿದ್ದದ್ದು ಅವಳ ಮನೆಯ ಕಟ್ಟೆಯ ಮೇಲೆ. ರೊಟ್ಟಿ ಬಡಿಯುವಾಗ ಕೈಗಾದರೂ ಬಿಡುವಿತ್ತು, ಬಾಯಿಗೆ ಇರಲಿಲ್ಲ. ಗಂಡ ಹಣಮಪ್ಪ ಕುರಿ ಕಾಯುವವನು; ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತೇನೆ ಎಂದು ಅವಳೇ ನಗುತ್ತಿದ್ದಳು.

ಅಂಥವಳಿಗೆ ತೊಗರಿ ರಾಶಿಯ ಕಾಲದಲ್ಲಿ ದಮ್ಮು ಶುರುವಾಯಿತು. ಮಷಿನ್ನಿನಿಂದ ಹಾರುವ ಹೊಟ್ಟು, ಅದರ ಮೇಲೆ ಒಲೆಯ ಹೊಗೆ. ಎದೆಯೊಳಗೆ ಯಾರೋ ಸಿಳ್ಳು ಊದಿದ ಹಾಗೆ ಸಪ್ಪಳ. ಹೇಳುತ್ತಿದ್ದ ಸುದ್ದಿಯನ್ನು ಅರ್ಧಕ್ಕೇ ಬಿಟ್ಟು ಗೋಡೆ ಹಿಡಿದು ಕೂತುಬಿಡುತ್ತಿದ್ದಳು. ಮೊದಮೊದಲು ಹಣಮಪ್ಪ, ಮನೆ ಈಗ ತಣ್ಣಗಾಯಿತು ಎಂದು ಚೇಷ್ಟೆ ಮಾಡಿದ. ಆದರೆ ಸಂಜೆ ಹಿಂಡು ಹೊಡೆದುಕೊಂಡು ಬಂದಾಗ ಒಳಗಿನಿಂದ ಯಾವ ದನಿಯೂ ಕೇಳದಿದ್ದರೆ ಅವನು ಹಿಂಡನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಓಡತೊಡಗಿದ.

ದವಾಖಾನೆಗೆ ಹೋಗಿಲ್ಲ ಎಂದಲ್ಲ. ದಮ್ಮು ಹೆಚ್ಚಾದಾಗಲೆಲ್ಲ ಸೊಸೆ ಸರಿತಾ ಅವಳನ್ನು ಬಸ್ಸು ಹತ್ತಿಸಿಕೊಂಡು ಸರಕಾರಿ ದವಾಖಾನೆಗೆ ಕರೆದೊಯ್ಯುತ್ತಿದ್ದಳು. ಅಲ್ಲಿ ಮೂಗು ಬಾಯಿಗೆ ಮುಚ್ಚಳ ಹಾಕಿ ದವಾದ ಹಬೆ ಕೊಡುತ್ತಿದ್ದರು. ಉಸಿರು ಸಡಿಲವಾಗುತ್ತಿತ್ತು. ಬರುವಾಗ ಗುಳಿಗೆ ಕೊಡುತ್ತಿದ್ದರು. ಪೀರಮ್ಮ ಅವನ್ನು ಒಂದು ದಿನವೂ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದಳು. ಆದರೂ ಸ್ವಲ್ಪ ದಿನಕ್ಕೆ ಮತ್ತೆ ಅದೇ ಸಿಳ್ಳು, ಮತ್ತೆ ಅದೇ ಬಸ್ಸು. ಪುಕ್ಕಟೆ ಸಿಗುವ ದವಾದಲ್ಲಿ ಶಕ್ತಿಯೇ ಇಲ್ಲ, ಬರೀ ಹಿಟ್ಟು ತುಂಬಿಟ್ಟಿದ್ದಾರೆ ಎಂದು ಅವಳು ಓಣಿಯಲ್ಲೆಲ್ಲ ಹೇಳಿಬಿಟ್ಟಿದ್ದಳು. ಅವಳು ಹೇಳಿದ ಮೇಲೆ ನಂಬದವರು ಯಾರು?

ಅದೇ ಹೊತ್ತಿಗೆ ಚಿಂಚೋಳಿಯಲ್ಲಿರುವ ಮಗಳು ರಾಜೇಶ್ವರಿ ಬಸುರಿಯಾದಳು. ಚೊಚ್ಚಲ ಬಸುರು. ತವರಿಗೆ ಕರೆತರಬೇಕು, ಹೆರಿಗೆಯಾದ ಮೇಲೆ ಬಾಣಂತನ ತಾನೇ ಮಾಡಬೇಕು ಎಂದು ಪೀರಮ್ಮ ಹಳೆಯ ಮೆತ್ತನೆಯ ಸೀರೆಗಳನ್ನು ಆಗಲೇ ಒಗೆದು ಮಡಿಸಿಟ್ಟಿದ್ದಳು. ಒಂದು ದಿನ ಬೀಗತಿಯ ಫೋನು ಬಂತು. ಆಕೆ ಕೆಟ್ಟ ಮನಸ್ಸಿನವಳಲ್ಲ. ಮೆಲ್ಲಗೇ ಹೇಳಿದಳು: "ನಿಮಗೇ ಎದ್ದು ಕುಂದ್ರಾಕ ಆಗವಲ್ದು ಅಂತ. ಬಾಣಂತಿ, ಕೂಸು ಎರಡೂ ನೋಡ್ಕೋಳೋದು ಹ್ಯಾಂಗ? ಈ ಸಲ ಇಲ್ಲೇ ಇರಲಿ ಬಿಡ್ರಿ."

ಪೀರಮ್ಮನಿಗೆ ಉತ್ತರ ಕೊಡಬೇಕೆನ್ನಿಸಿತು. ನಾಲಿಗೆಯ ಮೇಲೆ ಮಾತು ಬೇಕಾದಷ್ಟಿತ್ತು. ಉಸಿರಿರಲಿಲ್ಲ. ಫೋನನ್ನು ಸೊಸೆಯ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ಕೂತಳು. ಆ ದಿನ ಅವಳು ಅತ್ತದ್ದನ್ನು ಸರಿತಾ ಮಾತ್ರ ನೋಡಿದಳು.

ಮುಂದಿನ ವಾರ ದಮ್ಮು ಮತ್ತೆ ಏರಿತು. ಈ ಸಲ ಹಣಮಪ್ಪನೂ ಹಿಂಡನ್ನು ಅಣ್ಣನಿಗೆ ಒಪ್ಪಿಸಿ ಜೊತೆಗೆ ಹೋದ. ಸರಿತಾ ಹೊರಗೆ ಚೀಟಿಯ ಸಾಲಿನಲ್ಲಿ ನಿಂತಳು. ಹಬೆ ಕೊಡುವ ಕೋಣೆಯಲ್ಲಿ ಸುಲೇಪೇಟ ಕಡೆಯ ಒಬ್ಬ ಸಿಸ್ಟರ್ ಇದ್ದಳು. ಹೆಸರು ದೇವಿಕಾ. ಪೀರಮ್ಮನ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಉಸಿರು ಹದಕ್ಕೆ ಬರುವವರೆಗೆ ಕಾದು, ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ಅವ್ವಾರ, ನಾನು ಒಂದು ಸಂಶೋಧನಾ ಮಾಡ್ಲಿಕತ್ತೀನಿ. ದಮ್ಮಿನವರು ಮನಿಗಿ ಹೋದ ಮ್ಯಾಲ ದವಾ ಹ್ಯಾಂಗ ತಗೋತಾರ ಅಂತ ತಿಳ್ಕೋಳೋದು. ನಿಮಗ ಒಪ್ಪಿಗಿ ಇದ್ರ, ಮನ್ಯಾಗ ಹ್ಯಾಂಗ ತಗೋತೀರಿ ಅಂತ ನನಗ ಒಂದ್ಸಲ ಮಾಡಿ ತೋರಸ್ರಿ."

ಪೀರಮ್ಮನ ಕಿವಿಗೆ ಬಿದ್ದದ್ದು ಸಂಶೋಧನೆ ಎಂಬ ಒಂದೇ ಮಾತು. ಬಡವರ ಮೇಲೆ ಹೊಸ ದವಾ ಪರೀಕ್ಷೆ ಮಾಡುತ್ತಾರೆ ಎಂದು ಅವಳು ಎಲ್ಲೋ ಕೇಳಿದ್ದಳು. ಅವಳು ಸೆರಗು ಬಿಗಿದುಕೊಂಡು, ತನ್ನ ಮೈಮೇಲೆ ಯಾವ ಪರೀಕ್ಷೆಯೂ ಬೇಡ ಎಂದಳು. ಹೊಸ ದವಾ ಇಲ್ಲ, ಸೂಜಿ ಇಲ್ಲ, ಡಾಕ್ಟರು ಬರೆದುಕೊಟ್ಟದ್ದನ್ನೇ ಹೇಗೆ ತೆಗೆದುಕೊಳ್ಳುತ್ತೀರೆಂದು ನೋಡುವುದಷ್ಟೇ, ನಿಮ್ಮ ಹೆಸರನ್ನೂ ಯಾರಿಗೂ ಹೇಳುವುದಿಲ್ಲ ಎಂದು ದೇವಿಕಾ ಬಿಡಿಸಿ ಹೇಳಿದಳು.

ಆಗ, ಅಪರೂಪಕ್ಕೆ, ಹಣಮಪ್ಪ ಬಾಯಿ ತೆರೆದ. "ಸಂಶೋಧನಾ ಅಂದ್ರ ಡಾಕ್ಟರ್ ಕೆಲಸ ಅಲ್ರಿ? ಸಿಸ್ಟರಿಗಿ ಅದೆಲ್ಲ ಯಾಕ?"

ದೇವಿಕಾ ಬೇಸರ ಮಾಡಿಕೊಳ್ಳಲಿಲ್ಲ. "ಕಾಕಾ, ಹಿಂಡಿನ್ಯಾಗ ಒಂದು ಕುರಿ ಕುಂಟ್ಲಿಕತ್ತಿದ್ರ ಮೊದಲ ಯಾರಿಗಿ ಕಾಣ್ತದ? ದನದ ಡಾಕ್ಟರಿಗೋ, ನಿಮಗೋ?"

"ನನಗ. ಹಿಂದ ನಡಿಯಾವ ನಾನೇ ಅಲ್ಲೇನು?"

"ನಮ್ಮದೂ ಹಂಗೇರಿ. ಡಾಕ್ಟರ್ ಬಂದು ನೋಡಿ, ದವಾ ಬರದು ಹೋಗ್ತಾರ. ಅವರಿಗಿ ಇನ್ನೂ ನೂರು ಮಂದಿ ಕಾಯ್ತಿರ್ತಾರ. ರೋಗಿ ಹತ್ರ ಇಡೀ ದಿನ ಇರೋರು ನಾವು. ಅದೇ ಮಂದಿ ಅದೇ ದಮ್ಮು ತಗೊಂಡು ಮತ್ತ ಮತ್ತ ಬರೋದು ನನ್ನ ಕಣ್ಣಿಗಿ ಬಿದ್ದದ. ಯಾಕ ಬರ್ತಾರ? ಅಂದಾಜಿನ ಮ್ಯಾಲ ಹೇಳಬಾರದು. ಕೇಳಬೇಕು, ನೋಡಬೇಕು, ಎಲ್ಲಾರದೂ ಕೂಡಿಸಿ ತಾಳೆ ಹಾಕಬೇಕು. ಅದೇ ಸಂಶೋಧನಾರಿ. ಕಾರಣ ಸಿಕ್ರ ನಮ್ಮ ಕೆಲಸಾನೇ ಸುಧಾರಸ್ತದ."

ಹಣಮಪ್ಪ ತಲೆಯಾಡಿಸಿದ. ಅವನಿಗೆ ಮಾತು ಹಿಡಿಸಿತು. ಆದರೆ ಪೀರಮ್ಮ ಒಮ್ಮೆ ಒಲ್ಲೆ ಎಂದ ಮೇಲೆ ತಿರುಗಿ ಹೂಂ ಎನ್ನುವ ಪೈಕಿ ಅಲ್ಲ. ದೇವಿಕಾ, "ಆಗ್ಲಿ ಬಿಡ್ರಿ, ಒಲ್ಲೆ ಅನ್ನೋ ಹಕ್ಕು ನಿಮಗ ಅದ" ಎಂದು ಎದ್ದಳು.

ಒಲ್ಲೆ ಎಂದದ್ದಕ್ಕೆ ಇನ್ನು ಇವಳು ತನ್ನನ್ನು ಸರಿಯಾಗಿ ನೋಡಲಿಕ್ಕಿಲ್ಲ ಎಂದು ಪೀರಮ್ಮ ಒಳಗೊಳಗೇ ಅಂದುಕೊಂಡಳು. ಹಾಗೇನೂ ಆಗಲಿಲ್ಲ. ಕೆಮ್ಮು ಬಂದಾಗ ದೇವಿಕಾ ಓಡಿ ಬಂದು ಬೆನ್ನಿಗೆ ದಿಂಬು ಕೊಟ್ಟಳು, ಬಿಸಿನೀರು ಕುಡಿಸಿದಳು, ಬೆರಳಿಗೆ ಚಿಮಟಿಗೆಯಂಥದ್ದನ್ನು ಸಿಕ್ಕಿಸಿ ಉಸಿರಿನ ಅಂಕಿ ನೋಡಿದಳು. ಮೊದಲು ಹೇಗಿದ್ದಳೋ ಹಾಗೆಯೇ ಇದ್ದಳು. ಪೀರಮ್ಮನಿಗೆ ತುಸು ನಾಚಿಕೆಯಾಯಿತು.

ಎದುರಿನ ಬೆಂಚಿನ ಮೇಲೆ ವಾಡಿಯ ಅಮೀರ್ ಅಲಿ ಕೂತಿದ್ದರು. ರೈಲ್ವೆಯಲ್ಲಿ ಹಳಿ ಕೆಲಸ ಮಾಡಿ ನಿವೃತ್ತರಾದವರು. ಅವರಿಗೂ ದಮ್ಮು. ದೇವಿಕಾ ಅವರನ್ನೂ ಕೇಳಿದಳು. ಅವರು ಸಂತೋಷದಿಂದ ಒಪ್ಪಿ, ಕಿಸೆಯಿಂದ ಬೆರಳುದ್ದದ ಒಂದು ಪ್ಲಾಸ್ಟಿಕ್ ನಳಿಗೆ ತೆಗೆದರು. ಪುಡಿ ತುಂಬಿದ ಗುಳಿಗೆಯನ್ನು ಅದರ ತೂತಿನಲ್ಲಿಟ್ಟು, ನಳಿಗೆಯನ್ನು ತಿರುವಿ, ಬಾಯಿಗಿಟ್ಟುಕೊಂಡು, ಆರಿದ ಒಲೆಯನ್ನು ಊದುವ ಹಾಗೆ ಜೋರಾಗಿ ಊದಿದರು. ಬಿಳಿ ಪುಡಿ ಹಾರಿ ದೇವಿಕಾಳ ತೋಳಿನ ಮೇಲೆ ಬಿತ್ತು.

"ನೋಡ್ರಿ ಬೇಟಿ, ಒಂದು ದಿನಾನೂ ಬಿಟ್ಟಿಲ್ಲ" ಎಂದರು ಹೆಮ್ಮೆಯಿಂದ.

ಪೀರಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಒಳಗೆ ಹೋಗಬೇಕಾದ ದವಾವನ್ನು ಈ ಮನುಷ್ಯ ದಿನಾ ಹೊರಗೆ ಊದುತ್ತಿದ್ದಾನಲ್ಲ! ನಗುತ್ತ ನಗುತ್ತ ಅವಳ ಕಣ್ಣು ಆ ನಳಿಗೆಯ ಮೇಲೆ ನಿಂತಿತು. ಅಂಥದ್ದೇ ಒಂದು ತನ್ನ ಮನೆಯ ಗೂಡಿನಲ್ಲೂ ಇತ್ತು. ಗುಳಿಗೆಯ ಜೊತೆ ಕೊಟ್ಟಿದ್ದರು. ಊರಿಗೆ ಹೋಗುವಾಗ ಗುಳಿಗೆ ಇಟ್ಟುಕೊಳ್ಳಲು ಕೊಟ್ಟ ಡಬ್ಬಿ ಎಂದು ಅವಳು ತಿಳಿದಿದ್ದಳು. ಗುಳಿಗೆಯನ್ನೋ, ಊಟವಾದ ಮೇಲೆ ಒಂದು ಲೋಟ ನೀರಿನೊಂದಿಗೆ ನುಂಗಿಬಿಡುತ್ತಿದ್ದಳು.

ನಗು ಅಲ್ಲಿಗೇ ನಿಂತಿತು.

ದೇವಿಕಾ ಅಮೀರ್ ಅಲಿಯವರನ್ನು ನೋಡಿ ನಗಲಿಲ್ಲ, ಬೈಯಲೂ ಇಲ್ಲ. ಪಕ್ಕದಲ್ಲಿ ಕೂತು ಹೇಗೆ ಎಳೆದುಕೊಳ್ಳಬೇಕೆಂದು ತಾನು ಖಾಲಿ ನಳಿಗೆಯಲ್ಲಿ ಮಾಡಿ ತೋರಿಸಿದಳು. ಆಮೇಲೆ ಅವರ ಕೈಯಲ್ಲಿ ಮಾಡಿಸಿದಳು. ಇದನ್ನೆಲ್ಲ ಪೀರಮ್ಮ ಓರೆಗಣ್ಣಿನಿಂದ ನೋಡುತ್ತಲೇ ಇದ್ದಳು. ಆದರೆ ತನ್ನದನ್ನು ಹೇಳಲು ಬಾಯಿ ಬರಲಿಲ್ಲ. ಈಗಷ್ಟೇ ತಾನು ನೋಡಿ ನಕ್ಕ ಮನುಷ್ಯನ ಎದುರು ಹೇಗೆ ಹೇಳುವುದು?

ಬಸ್ಸಿನಲ್ಲಿ ಅವಳು ತುಟಿ ಬಿಚ್ಚಲಿಲ್ಲ. ಉಸಿರು ನೆಟ್ಟಗಿದ್ದೂ ಅತ್ತೆ ಸುಮ್ಮನಿದ್ದದ್ದನ್ನು ಕಂಡು ಸರಿತಾಳಿಗೆ ಗಾಬರಿಯಾಯಿತು. ಮನೆಗೆ ಬಂದವಳೇ ಪೀರಮ್ಮ ಗೂಡಿನಿಂದ ನಳಿಗೆ ತೆಗೆದು ಸೊಸೆಯ ಮುಂದೆ ಹಿಡಿದಳು. ಇದು ಡಬ್ಬಿಯಲ್ಲವಂತೆ, ಇದರಲ್ಲಿಟ್ಟು ಎಳೆದುಕೊಳ್ಳಬೇಕಂತೆ, ಇಷ್ಟು ದಿನ ತಾನು ನುಂಗಿದ್ದೆಲ್ಲ ಹೊಟ್ಟೆಗೆ ಹೋಯಿತೇ ಹೊರತು ಎದೆಗೆ ಹೋಗಲೇ ಇಲ್ಲ ಎಂದಳು.

ಸರಿತಾ ನಳಿಗೆಯನ್ನು ಕೈಗೆ ತೆಗೆದುಕೊಂಡು, "ಅತ್ತಿ, ನೀರು ತಂದು ಕೊಡಾಕಿ ನಾನೇ ಅಲ್ರಿ? ನನಗೂ ಗೊತ್ತಾಗಲಿಲ್ಲ" ಎಂದಳು. ಸರಿತಾ ಹತ್ತನೆಯ ಇಯತ್ತೆ ಓದಿದವಳು, ಸ್ವಸಹಾಯ ಸಂಘದ ಕಾರ್ಯದರ್ಶಿ. ಅವಳಿಗೂ ತಿಳಿಯಲಿಲ್ಲ ಎಂದ ಮೇಲೆ ಪೀರಮ್ಮನ ಮನಸ್ಸು ಅರ್ಧ ಹಗುರಾಯಿತು. ಉಳಿದ ಅರ್ಧಕ್ಕೆ ಸರಿತಾ ಬೇರೆ ಮಾತು ಹೇಳಿದಳು. ನಿಮ್ಮ ಹಾಗೆ ನುಂಗುವವರು ಇನ್ನೆಷ್ಟು ಮಂದಿ ಇದ್ದಾರೋ, ಒಬ್ಬರೂ ಬಾಯಿ ಬಿಡದಿದ್ದರೆ ಆ ಸಿಸ್ಟರಿಗೆ ಕಾರಣ ಗೊತ್ತಾಗುವುದಾದರೂ ಹೇಗೆ ಎಂದು ಕೇಳಿದಳು. ಹಣಮಪ್ಪ ಬಾಗಿಲಲ್ಲಿ ನಿಂತು ಕಂಬಳಿ ಝಾಡಿಸುತ್ತ, "ಮಗಳನ್ನ ಕರಕೊಂಡು ಬರಬೇಕು ಅಂತಿದ್ದಿ" ಎಂದಷ್ಟೇ ಅಂದ.

ಮರುದಿನ ಬೆಳಿಗ್ಗೆಯ ಬಸ್ಸಿಗೇ ಅತ್ತೆ ಸೊಸೆ ಹೊರಟರು. ದಮ್ಮಿಲ್ಲದೆ ದವಾಖಾನೆಗೆ ಹೋದದ್ದು ಪೀರಮ್ಮನಿಗೆ ಅದೇ ಮೊದಲು. ದೇವಿಕಾಳನ್ನು ಹುಡುಕಿ, ತನಗೆ ಒಪ್ಪಿಗೆ ಇದೆ ಎಂದಳು. ದೇವಿಕಾ ಮತ್ತೊಮ್ಮೆ ಎಲ್ಲವನ್ನೂ ಬಿಡಿಸಿ ಹೇಳಿ, ಬೇಕಾದರೆ ನಡುವೆಯೂ ಬಿಡಬಹುದು ಎಂದು ತಿಳಿಸಿ, ಆಮೇಲೆ ದವಾ ತೆಗೆದುಕೊಳ್ಳುವುದನ್ನು ತೋರಿಸಲು ಕೇಳಿದಳು. ಪೀರಮ್ಮ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದಳು:

"ಯವ್ವಾ, ನಾನು ನುಂಗ್ತೀನಿ. ನೀರಿನ ಜೋಡಿ."

ನಗುತ್ತಾಳೇನೋ ಎಂದು ತಲೆ ತಗ್ಗಿಸಿಯೇ ಇದ್ದಳು. ದೇವಿಕಾ ಅವಳ ಕೈ ಹಿಡಿದುಕೊಂಡಳು.

"ಇದನ್ನ ಎಳಕೋಬೇಕು ಅಂತ ನಿಮಗ ಯಾರರ ಮಾಡಿ ತೋರಿಸಿದ್ರೇನು?"

ಪೀರಮ್ಮ ನೆನೆಸಿಕೊಂಡಳು. ಗುಳಿಗೆ ಕೊಡುವಾಗ ಕಿಟಕಿಯ ಹತ್ತಿರ ನೂಕುನುಗ್ಗಲು. ಮುಂಜಾನೆ ಒಂದು, ಸಂಜೆ ಒಂದು ಎಂದರು. ತಿಳಿಯಿತೇ ಎಂದರು. ಹಿಂದೆ ನಿಂತವರು ನೂಕುತ್ತಿದ್ದರು, ಅವಳು ತಿಳಿಯಿತು ಎಂದಳು. ಅಷ್ಟೇ. ತೋರಿಸಿದವರು ಯಾರೂ ಇಲ್ಲ.

"ಹಂಗಾದ್ರ ತಪ್ಪು ನಿಮ್ಮದಲ್ಲ, ನಾವು ಹೇಳೋ ಪದ್ಧತಿದು" ಎಂದಳು ದೇವಿಕಾ. "ಇಷ್ಟು ದಿನ ಮಂದಿ ಮರೀತಾರ ಅಂತ ತಿಳ್ಕೊಂಡಿದ್ದೆ. ಮರೀಲಿಕ್ಕೆ ಮೊದಲ ಗೊತ್ತಿರಬೇಕಲ್ಲ."

ಆಮೇಲೆ ಪಾಠ ಶುರುವಾಯಿತು. ದೇವಿಕಾ ನಳಿಗೆ ಬಳಸುವ ರೀತಿಯ ಚಿತ್ರದ ಹಾಳೆಯೊಂದನ್ನು ಕೊಟ್ಟಳು. ಸರಿತಾ ಓದಿದಳು: 'ದೀರ್ಘವಾಗಿ, ರಭಸದಿಂದ ಉಚ್ಛ್ವಾಸ ಮಾಡಿ.' ಪೀರಮ್ಮ ಅವಳ ಮುಖ ನೋಡಿದಳು. ಸರಿತಾ ದೇವಿಕಾಳ ಮುಖ ನೋಡಿದಳು. ದೇವಿಕಾ ಹಾಳೆಯನ್ನು ಬದಿಗಿಟ್ಟು ತಾನೇ ಎಳೆದು ತೋರಿಸಿದಳು. ಪೀರಮ್ಮ ಒಮ್ಮೆ ಮಾಡಿದಳು, ಉಸಿರು ಸಾಲಲಿಲ್ಲ. ಇನ್ನೊಮ್ಮೆ ಮಾಡಿದಳು, ತುಟಿ ಸಡಿಲಾಯಿತು. ಮೂರನೆಯ ಸಲ ನಳಿಗೆಯೊಳಗಿಂದ ಗರ್ ಎಂದು ಸಪ್ಪಳ ಬಂತು, ಪುಡಿ ಒಳಗೆ ಹೋಯಿತು. ಪೀರಮ್ಮನ ಕಣ್ಣು ಅರಳಿತು.

"ಅಯ್ಯ, ಇದು ಬಶ್ಯಾಗಿನ ಬಿಸಿ ಚಹಾ ಸುರ್ ಅಂತ ಎಳದಂಗ ಅದಲ್ಲ! ಹಂಗ ಹೇಳಿದ್ರ ಒಂದೇ ಸಲಕ್ಕ ತಿಳೀತಿತ್ತು. ಎಳದ ಮ್ಯಾಲ ಬಾವ್ಯಾಗ ಮುಣುಗಿದಂಗ ಉಸರು ಹಿಡೀರಿ ಅನ್ನಬೇಕು. ಉಚ್ಛ್ವಾಸ ಅಂತ ನಮ್ಮ ಊರಾಗ ಯಾರೂ ಮಾಡಾಂಗಿಲ್ಲ ಯವ್ವಾ."

ಈ ಸಲ ದೇವಿಕಾ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಆ ಮಾತನ್ನು ಬರೆದುಕೊಂಡಳು. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಿ ಹುಣ್ಣಾಗಬಹುದು ಎಂಬುದನ್ನೂ ಕಲಿಸಿದಳು.

ಮುಂದಿನ ಕೆಲವು ತಿಂಗಳು ದೇವಿಕಾ ಒಪ್ಪಿದವರನ್ನೆಲ್ಲ ಹೀಗೆಯೇ ಕೇಳುತ್ತ, ನೋಡುತ್ತ ಹೋದಳು. ನುಂಗುವವರು ಸಿಕ್ಕರು, ಊದುವವರು ಸಿಕ್ಕರು, ದಮ್ಮು ಕಡಿಮೆಯಾದ ದಿನವೇ ದವಾ ಬಿಟ್ಟವರು ಸಿಕ್ಕರು. ಇದೆಲ್ಲವನ್ನೂ ಡಾಕ್ಟರ ಮುಂದಿಟ್ಟಾಗ ಅವರು ಒಂದೊಂದನ್ನಾಗಿ ಓದಿದರು. ದವಾ ಸಾಲದೇನೋ ಎಂದು ತಾವು ಹೆಚ್ಚಿಸುತ್ತ ಹೋಗಿದ್ದು ಅವರಿಗೆ ನೆನಪಾಗಿರಬೇಕು. ಇಬ್ಬರೂ ಕೂತು ಹೊಸ ಪದ್ಧತಿ ತಂದರು. ದಮ್ಮಿನ ದವಾ ಇನ್ನು ಕಿಟಕಿಯಲ್ಲಿ ಕೊಡುವಂತಿಲ್ಲ. ಬೇರೆ ಬೆಂಚಿನ ಮೇಲೆ ಕೂರಿಸಿ, ಸಿಸ್ಟರ್ ಮಾಡಿ ತೋರಿಸಬೇಕು, ರೋಗಿ ಅದನ್ನು ತಿರುಗಿ ಮಾಡಿ ತೋರಿಸಬೇಕು, ಆಮೇಲೆಯೇ ಮನೆಗೆ ಕಳಿಸಬೇಕು. ಮುಂದಿನ ಸಲ ಬಂದಾಗ ಮತ್ತೆ ತೋರಿಸಬೇಕು. ಹಾಳೆಯ ಮೇಲೆ ಈಗ ಒಬ್ಬ ಮುದುಕಿ ಬಶಿಯಲ್ಲಿ ಚಹಾ ಕುಡಿಯುವ ಚಿತ್ರವಿತ್ತು.

ಹಬೆ ಕೊಡುವ ಕೋಣೆಯ ಬೆಂಚು ಮೆಲ್ಲಮೆಲ್ಲಗೆ ಖಾಲಿಯಾಗತೊಡಗಿತು. ಎಲ್ಲರಿಗೂ ಒಂದೇ ಸಮನೆ ಗುಣವಾಯಿತು ಎಂದಲ್ಲ. ಅಮೀರ್ ಅಲಿಯವರ ಕೈ ನಡುಗುತ್ತಿತ್ತು, ನಳಿಗೆ ಎಷ್ಟು ಕಲಿಸಿದರೂ ಹೊಂದಲಿಲ್ಲ. ಅದೂ ಈ ಅಧ್ಯಯನದಿಂದಲೇ ಗೊತ್ತಾಗಿ, ಡಾಕ್ಟರು ಅವರಿಗೆ ಬೇರೆ ಬಗೆಯ ಇನ್‌ಹೇಲರ್ ಬದಲಿಸಿಕೊಟ್ಟರು. ಸೇಡಂ, ಶಹಾಬಾದ ಕಡೆಯ ಸಿಸ್ಟರುಗಳು ಕೂಡ ಬಂದು ಪದ್ಧತಿ ನೋಡಿಕೊಂಡು ಹೋದರು.

ಪೀರಮ್ಮನ ದಮ್ಮು ಪೂರ್ತಿ ಮಾಯವಾಗಲಿಲ್ಲ, ಆದರೆ ಹತೋಟಿಗೆ ಬಂತು. ಹಣಮಪ್ಪ ಗ್ಯಾಸಿನ ಒಲೆಯನ್ನು ಅಟ್ಟದಿಂದ ಇಳಿಸಿ ಒರೆಸಿಕೊಟ್ಟ. ಹೆಸರುಕಾಳಿನ ರಾಶಿಯ ದಿನ ಅವಳು ಕಣಕ್ಕೆ ಹೋಗದೆ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೆಲಸ ಹೇಳಿದಳು. ಒಂದು ಭಾನುವಾರ ತಾನೇ ಚಿಂಚೋಳಿಗೆ ಹೋಗಿ, ಬೀಗತಿಯ ಮನೆಯಲ್ಲಿ ಹೊತ್ತು ಇಳಿಯುವವರೆಗೆ ಎಡೆಬಿಡದೆ ಮಾತಾಡಿದಳು. ಬೀಗತಿ ಸೋತು ನಕ್ಕು, "ಕರಕೊಂಡು ಹೋಗ್ರಿ, ನಿಮಗ ಏನೂ ಆಗಿಲ್ಲ" ಎಂದು ರಾಜೇಶ್ವರಿಯ ಚೀಲ ಕಟ್ಟಿಕೊಟ್ಟಳು.

ರಾಜೇಶ್ವರಿಗೆ ದವಾಖಾನೆಯಲ್ಲಿಯೇ ಹೆರಿಗೆಯಾಯಿತು. ಹೆಣ್ಣುಕೂಸು. ಮರುದಿನ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಮಂಚದ ಹತ್ತಿರ ಬಂದಳು. ಚೊಚ್ಚಲ ತಾಯಂದಿರಿಗೆ ಹಾಲು ಕುಡಿಸುವಾಗ ಏನು ತೊಂದರೆಯಾಗುತ್ತದೆ ಎಂದು ಅಧ್ಯಯನ ಮಾಡುತ್ತಿದ್ದಾಳಂತೆ, ನಾಲ್ಕು ಪ್ರಶ್ನೆ ಕೇಳಬಹುದೇ ಎಂದಳು. ರಾಜೇಶ್ವರಿ ಅಂಜಿ ಅವ್ವನ ಮುಖ ನೋಡಿದಳು.

ಪೀರಮ್ಮ ಕೂಸನ್ನು ಮಡಿಲಲ್ಲಿ ಸರಿಮಾಡಿಕೊಂಡು ಹುಡುಗಿಯನ್ನು ಎದುರಿಗೆ ಕೂರಿಸಿದಳು. ಏನು ಕೇಳುತ್ತೀ, ಯಾತಕ್ಕೆ ಕೇಳುತ್ತೀ, ಏನಾದರೂ ದವಾ ಕೊಡುತ್ತೀಯೋ, ಹೆಸರು ಯಾರಿಗಾದರೂ ಹೇಳುತ್ತೀಯೋ, ಒಲ್ಲೆ ಎಂದರೆ ಆರೈಕೆ ಕಡಿಮೆಯಾಗುತ್ತದೋ ಎಂದು ಒಂದೊಂದಾಗಿ ಕೇಳಿದಳು. ಹುಡುಗಿ ಎಲ್ಲಕ್ಕೂ ನೆಟ್ಟಗೆ ಉತ್ತರ ಕೊಟ್ಟಳು. ಪೀರಮ್ಮ ಮಗಳ ಕಡೆ ತಿರುಗಿದಳು.

"ನಿನಗ ಮನಸಿದ್ರ ಹೇಳು ಮಗಳ. ಖರೇ ಏನದ ಅದನ್ನೇ ಹೇಳು, ಚಲೋ ಕಾಣ್ಲಿ ಅಂತ ಹೇಳಬ್ಯಾಡ. ನಿನಗ ಆದ ತ್ರಾಸು ಮುಂದ ಬರೋ ಬಾಣಂತಿಗಿ ಆಗಬಾರದಲ್ಲ."

ರಾಜೇಶ್ವರಿ ಹೂಂ ಎಂದಳು. ನಿನ್ನೆಯಿಂದ ಕೂಸು ಸರಿಯಾಗಿ ಹಾಲು ಹಿಡಿಯುತ್ತಿಲ್ಲ, ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ ಎಂದಳು. ಹುಡುಗಿ ಪ್ರಶ್ನೆಗಳನ್ನು ಬದಿಗಿಟ್ಟು ಮೊದಲು ವಾರ್ಡಿನ ಸಿಸ್ಟರನ್ನು ಕರೆತಂದಳು. ಸಿಸ್ಟರ್ ಕೂಸನ್ನು ಹಿಡಿಯುವ ರೀತಿ ತಿದ್ದಿದಳು. ಕೂಸು ಗಟಗಟ ಕುಡಿಯತೊಡಗಿತು.

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಹತ್ತಿರವೂ ಒಂದು ದಿನ ಒಬ್ಬ ಸಿಸ್ಟರ್ ಬಂದು, ನಾನೊಂದು ಅಧ್ಯಯನ ಮಾಡುತ್ತಿದ್ದೇನೆ ಎನ್ನಬಹುದು. ಅಂಜಬೇಡಿ. ಪೀರಮ್ಮ ಕೇಳಿದ ಹಾಗೆ ಎಲ್ಲವನ್ನೂ ಕೇಳಿ. ಸಮಾಧಾನವಾದರೆ ಒಪ್ಪಿ, ಆಗದಿದ್ದರೆ ಒಲ್ಲೆ ಎನ್ನಿ. ಎರಡಕ್ಕೂ ನಿಮಗೆ ಹಕ್ಕಿದೆ, ಚಿಕಿತ್ಸೆ ಅದೇ ಇರುತ್ತದೆ. ಆದರೆ ಒಪ್ಪಿದ ಮೇಲೆ ಇದ್ದದ್ದು ಇದ್ದ ಹಾಗೆ ಹೇಳಿ. ದವಾಖಾನೆಯಲ್ಲಿ ಆರೈಕೆ ಎಲ್ಲಿ ತಪ್ಪುತ್ತದೆ, ಹೇಗೆ ಸುಧಾರಿಸಬೇಕು ಎಂಬುದು ಸಿಸ್ಟರುಗಳಿಗೆ ಗೊತ್ತಾಗುವುದು ನಿಮ್ಮ ಬಾಯಿಂದಲೇ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಯಾರಿಗಾದರೂ ದಮ್ಮಿದ್ದರೆ, ಅವರ ದವಾ ನುಂಗುವುದೋ ಎಳೆದುಕೊಳ್ಳುವುದೋ ಎಂದು ಈಗಲೇ ಕೇಳಿ ನೋಡಿ. ಮುಂದಿನ ಸಲ ಹೋಗುವಾಗ ಆ ದವಾವನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ. ಸಿಸ್ಟರ್ ತಿಳಿಯಿತೇ ಎಂದು ಕೇಳಿದರೆ ಬರೀ ತಲೆಯಾಡಿಸಿ ಬರಬೇಡಿ. "ನಾನು ಮಾಡಿ ತೋರಸ್ತೀನಿ, ಸರಿ ಅದೇನು ನೋಡ್ರಿ" ಎಂದು ಅಲ್ಲಿಯೇ ಕೂತುಬಿಡಿ.